ಕಾಸರಗೋಡಿನ ಮದುವೆಗಳು: ಚಪ್ಪರದಿಂದ ಸಭಾಭವನದವರೆಗೆ

ಮದುವೆಗಳನ್ನು ಏರ್ಪಡಿಸಿಕೊಡುವುದು ನನ್ನ ವೃತ್ತಿ. ಚಪ್ಪರ, ಅಡುಗೆ, ಅಲಂಕಾರ, ವಾದ್ಯ, ಬಂದವರ ವಾಹನಗಳಿಗೆ ಜಾಗ, ಹೀಗೆ ಒಂದು ಮನೆಯ ಮದುವೆಗೆ ಬೇಕಾದುದನ್ನೆಲ್ಲ ಹಣ ಪಡೆದು ಒದಗಿಸುವವನು ನಾನು. ಈ ಕೆಲಸಕ್ಕೆ ಕನ್ನಡದಲ್ಲಿ ಒಂದು ಹೆಸರಿಲ್ಲ. ‘ಇವೆಂಟಿನವರು’ ಎಂಬ ಮಾತೇ ಮಂಜೇಶ್ವರದಿಂದ ಹೊಸದುರ್ಗದವರೆಗೆ ಚಲಾವಣೆಯಲ್ಲಿದೆ. ಹೆಸರೇಕಿಲ್ಲ ಎಂದು ಹುಡುಕುತ್ತ ಹೋದವನಿಗೆ ತಿಳಿದುಬಂದದ್ದು ಇಷ್ಟು: ಈ ಕೆಲಸ ಹಿಂದೆ ಒಬ್ಬನದಾಗಿರಲಿಲ್ಲ, ಊರಿನದಾಗಿತ್ತು. ಒಬ್ಬನದಲ್ಲದ ಕೆಲಸಕ್ಕೆ ವೃತ್ತಿನಾಮ ಹುಟ್ಟುವುದಿಲ್ಲ. ಸಮ್ಮೇಳನದ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಮಿತ್ರರು ಕೇಳಿದಾಗ, ನನ್ನ ಅನ್ನದ ದಾರಿಯ ಪೂರ್ವೇತಿಹಾಸವನ್ನೇ ಏಕೆ ಬರೆಯಬಾರದು ಎನಿಸಿತು.

ಹವ್ಯಕ ಮನೆಗಳಲ್ಲಿ ‘ಸುದರಿಕೆ’ ಎಂಬ ಚೆಲುವಾದ ಮಾತೊಂದಿದೆ. ಮದುವೆಮನೆಗೆ ಹಿಂದಿನ ದಿನವೇ ಬಂದು ತರಕಾರಿ ಹೆಚ್ಚುವುದು, ಬಾಳೆಲೆ ಒರಸಿಡುವುದು, ನೀರು ಸೇದುವುದು, ಬಂದವರಿಗೆ ಕಾಲಿಗೆ ನೀರು ತೋರಿಸಿ ಬೆಲ್ಲ ನೀರು ಕೊಡುವುದು, ಬಡಿಸುವುದು, ಎಲ್ಲರೂ ಉಂಡೆದ್ದ ಮೇಲೆ ಕೊನೆಯ ಪಂಕ್ತಿಯಲ್ಲಿ ತಾವು ಕುಳಿತುಣ್ಣುವುದು, ಇಷ್ಟೂ ಸೇರಿದರೆ ಸುದರಿಕೆ. ಇದನ್ನು ಮಾಡುವವರು ನೆಂಟರು ಮತ್ತು ನೆರೆಯವರು. ತುಳುವಾಡುವ ಸಮುದಾಯಗಳಲ್ಲಿ ಈ ವ್ಯವಸ್ಥೆಯ ಯಜಮಾನಿಕೆ ಗುರಿಕಾರನದು. ವೀಳ್ಯ ಬದಲಾಗುವಲ್ಲಿಂದ ತೊಡಗಿ ಹೆಣ್ಣನ್ನು ಗಂಡಿನ ಮನೆ ಹೊಗಿಸುವವರೆಗೆ ಆತನ ಕಣ್ಣಿನಡಿಯಲ್ಲಿ ಕಾರ್ಯ ಸಾಗುತ್ತಿತ್ತು. ಗುರಿಕಾರ ಸಂಬಳದವನಲ್ಲ. ಅವನೆದುರು ಆದ ಮಾತಿಗೆ ಅವನು ಸಾಕ್ಷಿ. ಮಾತಿಗೆ ತಪ್ಪಿದವರು ಸಮುದಾಯಕ್ಕೆ ಉತ್ತರ ಕೊಡಬೇಕಾಗಿತ್ತು. ನನಗೆ ಆ ಅಧಿಕಾರವಿಲ್ಲ, ಬಿಲ್ಲು ಮಾತ್ರ ಇದೆ.

ಮನೆಯಂಗಳದ ಮದುವೆಗೆ ಕಾಲ ನಿಗದಿ ಮಾಡುತ್ತಿದ್ದುದು ಪಂಚಾಂಗ ಮಾತ್ರವಲ್ಲ, ತೋಟವೂ ಹೌದು. ಅಡಕೆಯ ಕೊಯ್ಲು ಮುಗಿದು ಕೈಯಲ್ಲಿ ಒಂದಿಷ್ಟು ಹಣ ಓಡಾಡುವ, ಅಂಗಳವಿನ್ನೂ ಗಟ್ಟಿಯಾಗಿರುವ, ಮಳೆ ಹಿಡಿಯದ ಏಪ್ರಿಲ್, ಮೇ ತಿಂಗಳುಗಳೇ ಅದಕ್ಕೆ ಪ್ರಶಸ್ತ. ಅಡಕೆಮರದ ಕಂಬ ನೆಟ್ಟು, ಹೆಣೆದ ಮಡಲು ಹೊದೆಸಿದ ಚಪ್ಪರ ಬಿಸಿಲನ್ನು ತಡೆದೀತು, ಮಳೆಯನ್ನಲ್ಲ. ಆಟಿ ತಿಂಗಳಲ್ಲಂತೂ ಮದುವೆಯ ಪ್ರಸ್ತಾಪವೇ ಇಲ್ಲ. ಅಡುಗೆಗೆ ಬೇಕಾದ ಹಲಸು, ಬಾಳೆಕಾಯಿ, ಮಾಡಿಗೆ ತೂಗುಹಾಕಿದ ಸೌತೆಕಾಯಿ, ತೆಂಗಿನಕಾಯಿ ಎಲ್ಲ ಊರಿನದೇ. ಕೊದಿಲಿಗೆ ಬೇಕಾದ ಕೊಪ್ಪರಿಗೆ, ಪಾಯಸದ ಉರುಳಿ ದೇವಸ್ಥಾನದಿಂದಲೋ ಉಳ್ಳವರ ಮನೆಯಿಂದಲೋ ಬರಬೇಕು. ಪಾತ್ರೆ ತಂದವನು ಅದನ್ನು ತಿಕ್ಕಿ ಬೆಳಗಿ ಹಿಂದಿರುಗಿಸುವವರೆಗೂ ಮದುವೆ ಮುಗಿಯಿತೆಂದು ಲೆಕ್ಕವಿಲ್ಲ.

ಕರೆಯುವ ಕ್ರಮಕ್ಕೆ ‘ಹೇಳಿಕೆ’ ಎಂದು ಹೆಸರು. ಮುದ್ರಿಸಿದ ಕಾಗದಕ್ಕೂ ಈಗ ಹೇಳಿಕೆ ಕಾಗದವೆಂದೇ ಹೇಳುತ್ತೇವಾದರೂ ಪದದಲ್ಲಿಯೇ ಇರುವಂತೆ ಅದು ಬಾಯಿಯ ಕೆಲಸ. ಮನೆಯ ಹಿರಿಯನೋ ಅವನು ನೇಮಿಸಿದವನೋ ಗುಡ್ಡ ಹತ್ತಿ, ಬಯಲು ದಾಟಿ, ಹೊಳೆಯ ಕಡವಿನಲ್ಲಿ ದೋಣಿ ಕಾದು ಮನೆಮನೆಗೆ ಹೋಗಿ ಹೇಳಬೇಕು. ಹೇಳುವ ರೀತಿಯಲ್ಲಿ ತರತಮಗಳಿದ್ದುವು. ಒಬ್ಬರಿಗೆ ಹೇಳಿದರೆ ಆಯಿತೋ, ಮನೆಮಂದಿಗೆಲ್ಲ ಹೇಳಬೇಕೋ, ಹಿಂದಿನ ದಿನಕ್ಕೇ ಹೇಳಬೇಕೋ ಎಂಬುದರಲ್ಲಿ ತಪ್ಪಿದರೆ ಎರಡು ತಲೆಮಾರು ಮಾತು ಬಿಟ್ಟ ಮನೆಗಳೂ ಇವೆ. ನೆಂಟಸ್ತನದ ಅಷ್ಟು ದೊಡ್ಡ ಜಾಲವನ್ನು ಬರಹವಿಲ್ಲದೆ ನೆನಪಿನಲ್ಲಿಟ್ಟುಕೊಂಡಿದ್ದವರು ಹೆಚ್ಚಾಗಿ ಮನೆಯ ಅಜ್ಜಿಯಂದಿರು. ‘ಅವರಿಗೆ ಹೇಳಿ ಆಯಿತೋ?’ ಎಂಬ ಅವರ ಪ್ರಶ್ನೆಗೆ ಇಂದಿಗೂ ನನ್ನ ಗಣಕಯಂತ್ರದ ಪಟ್ಟಿ ಸಾಟಿಯಲ್ಲ.

ಮುಯ್ಯಿಯ ಲೆಕ್ಕವನ್ನು ಮಾತ್ರ ಬರೆದಿಡುತ್ತಿದ್ದರು. ಮುಯ್ಯಿ ಎಂದರೆ ಕೊಟ್ಟದ್ದು ಹಿಂದಿರುಗಿ ಬರುವುದು. ಗದ್ದೆಯ ಕೆಲಸಕ್ಕೆ ಇವತ್ತು ನಾನು ನಿಮ್ಮಲ್ಲಿಗೆ, ನಾಳೆ ನೀವು ನಮ್ಮಲ್ಲಿಗೆ ಎಂಬಂತೆ ಬರುವವನು ಮುಯ್ಯಾಳು. ಮದುವೆಯ ಉಡುಗೊರೆಗೂ ಗದ್ದೆಯ ದುಡಿಮೆಗೂ ಒಂದೇ ಪದವನ್ನು ಬಳಸಿದ ಜನ ಮದುವೆಯನ್ನು ಹೇಗೆ ಕಂಡಿದ್ದರೆಂಬುದಕ್ಕೆ ಬೇರೆ ದಾಖಲೆ ಬೇಡ. ನಮ್ಮ ದಕ್ಷಿಣಕ್ಕೆ, ಉತ್ತರ ಮಲಬಾರಿನ ಊರುಗಳಲ್ಲಿ, ಪಣಪ್ಪಯಟ್ಟು ಎಂಬ ಹೆಸರಿನಲ್ಲಿ ಇಂಥದೇ ಹಣದ ಮುಯ್ಯಿ ಇದೆ. ಮದುವೆಯ ಖರ್ಚಿಗೆ ಊರೇ ಹಣ ಕೂಡಿಸಿಕೊಟ್ಟು, ಮುಂದೆ ತನ್ನ ಸರದಿಯಲ್ಲಿ ಪಡೆಯುವ ಕ್ರಮ ಅದು.

ದಿಬ್ಬಣ ನಡೆದೇ ಬರುತ್ತಿತ್ತು. 1907ರ ಹೊತ್ತಿಗೆ ರೈಲುಮಾರ್ಗ ಕಾಸರಗೋಡನ್ನು ಹಾದು ಮಂಗಳೂರು ಮುಟ್ಟಿದಾಗ ಕರಾವಳಿಗುಂಟ ಇದ್ದವರಿಗೆ ಅನುಕೂಲವಾಯಿತಾದರೂ ಒಳನಾಡಿನ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆಯವರಿಗೆ ಕಾಲೇ ಗತಿ. ರಾತ್ರಿ ತಲುಪಿದ ದಿಬ್ಬಣದ ಮುಂದೆ ಗ್ಯಾಸ್‌ಲೈಟು. ಉಂಡವರು ಮಲಗಲು ಜಾಗ ಸಾಲದೆ ಬೆಳಗಿನವರೆಗೆ ತಾಳಮದ್ದಳೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಭಾಗವತರಿಗೂ ಅರ್ಥಧಾರಿಗಳಿಗೂ ಬರವಿರಲಿಲ್ಲ. ಮದುವೆಯ ಚಪ್ಪರವೂ ಆ ಕಲೆಯ ಒಂದು ಪಾಠಶಾಲೆ ಎಂದರೆ ಉತ್ಪ್ರೇಕ್ಷೆಯಲ್ಲ. ಒಳಗೆ ಹೆಂಗಸರ ಶೋಭಾನೆ. ಮಾಪಿಳ್ಳೆಯರ ಮದುವೆಮನೆಗಳಲ್ಲಿ ಅದೇ ಜಾಗದಲ್ಲಿ ಒಪ್ಪನ.

ಇಷ್ಟು ಸಂಭ್ರಮದ ನಡುವೆ ಮದುವೆಯೆನಿಸಿಕೊಳ್ಳುವ ಕ್ಷಣ ಯಾವುದು? ತುಳುನಾಡಿನ ಉತ್ತರ ‘ಧಾರೆ’. ವಧೂವರರ ಕೈಗಳನ್ನು ಕೂಡಿಸಿ, ಗಿಂಡಿಯ ನೀರನ್ನು ಹಿರಿಯರು ಅದರ ಮೇಲೆ ಎರೆಯುವುದು. ಬಂಟರೇ ಮೊದಲಾದ ಅಳಿಯಸಂತಾನದ ಸಮುದಾಯಗಳಲ್ಲಿ ಮಂತ್ರ, ಹೋಮ, ಸಪ್ತಪದಿಗಳ ಹಂಗಿಲ್ಲದೆ ಧಾರೆಯೊಂದೇ ಮದುವೆಯನ್ನು ಸ್ಥಿರಪಡಿಸುತ್ತಿತ್ತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ ಬಂಟರ ಮದುವೆಗೆ ಎರಡು ರೂಪಗಳನ್ನು ಹೇಳಿದ್ದಾನೆ: ಕನ್ಯೆಗೆ ಕೈಧಾರೆ, ವಿಧವೆಗೆ ಬುಡುಧಾರೆ. ದೇಶದ ಬೇರೆಡೆ ವಿಧವಾವಿವಾಹಕ್ಕಾಗಿ ಸುಧಾರಕರು ಹೋರಾಡುತ್ತಿದ್ದ ಕಾಲದಲ್ಲಿ ನಮ್ಮ ನೆರೆಮನೆಯಲ್ಲಿ ಅದಕ್ಕೊಂದು ಹೆಸರೂ ವಿಧಿಯೂ ಮೊದಲೇ ಇದ್ದುವು.

ಆದರೆ ಇದೇ ಧಾರೆಯನ್ನು ಮದುವೆಯೆಂದು ಒಪ್ಪಲು ಬ್ರಿಟಿಷರ ನ್ಯಾಯಾಲಯ ಸಿದ್ಧವಿರಲಿಲ್ಲ. ಅಳಿಯಸಂತಾನದಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತದೆ. ಭೂತಾಳಪಾಂಡ್ಯನ ಕಟ್ಟು ಎಂದು ಐತಿಹ್ಯ ಹೇಳುವ ಕ್ರಮವಿದು. ಮದುವೆಯಾದ ಹೆಣ್ಣು ಗಂಡನ ಮನೆಯಲ್ಲಿ ಬಾಳಿದರೂ ಅವಳ ಹಕ್ಕು ತಾಯಿಯ ಕುಟುಂಬದಲ್ಲೇ. ಹೊಂದಿಕೆಯಾಗದಿದ್ದರೆ ಸಂಬಂಧ ಬಿಟ್ಟು ಹಿಂದಿರುಗಲು ಅವಳಿಗೊಂದು ಮನೆ ಇತ್ತು. ಬಿಡಲು ಸಾಧ್ಯವಿರುವ ಸಂಬಂಧ ಮದುವೆಯೇ ಅಲ್ಲ ಎಂಬ ಅಭಿಪ್ರಾಯಕ್ಕೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಹೈಕೋರ್ಟು ಬಂದಿತು. ಊರೆಲ್ಲ ಸೇರಿ ಉಂಡು ಹರಸಿದ ಮದುವೆ ಕಾನೂನಿನ ಪುಸ್ತಕದಲ್ಲಿ ಮದುವೆಯಲ್ಲವೆಂದಾಯಿತು!

ಈ ಗೊಂದಲವನ್ನು ಪರಿಶೀಲಿಸಲು ಸರಕಾರ 1891ರಲ್ಲಿ ಮಲಬಾರ್ ವಿವಾಹ ಆಯೋಗವನ್ನು ನೇಮಿಸಿತು. ಟಿ. ಮುತ್ತುಸ್ವಾಮಿ ಅಯ್ಯರ್ ಅದರ ಅಧ್ಯಕ್ಷರು. ಮಲಯಾಳದ ‘ಇಂದುಲೇಖಾ’ ಕಾದಂಬರಿಯ ಕರ್ತೃ ಒ. ಚಂದು ಮೇನೋನ್, ಸಿ. ಶಂಕರನ್ ನಾಯರ್ ಮೊದಲಾದವರೊಂದಿಗೆ ದಕ್ಷಿಣ ಕನ್ನಡದ ಕಡೆಯಿಂದ ಮುಂಡಪ್ಪ ಬಂಗೇರರೂ ಅದರಲ್ಲಿದ್ದರು. ಫಲವಾಗಿ ಬಂದ 1896ರ ಮಲಬಾರ್ ವಿವಾಹ ಕಾಯಿದೆ ಮರುಮಕ್ಕತ್ತಾಯದವರೂ ಅಳಿಯಸಂತಾನದವರೂ ಇಷ್ಟವಿದ್ದರೆ ತಮ್ಮ ಮದುವೆಯನ್ನು ನೋಂದಾಯಿಸಬಹುದೆಂದಿತು. ಜನ ಅದರತ್ತ ಹೆಚ್ಚು ಸುಳಿಯಲಿಲ್ಲ. ಆಗಿಹೋದ ಮದುವೆಗೆ ಕಚೇರಿಯ ಮೊಹರೇಕೆಂಬುದೇ ಅವರ ಭಾವವಾಗಿದ್ದಿರಬೇಕು. ಮುಂದೆ 1949ರ ಮದರಾಸು ಅಳಿಯಸಂತಾನ ಕಾಯಿದೆ ಮದುವೆ, ಪಾಲು, ಉತ್ತರಾಧಿಕಾರ ಎಲ್ಲಕ್ಕೂ ನಿಯಮ ಹಾಕಿತು. 1955ರ ಹಿಂದೂ ವಿವಾಹ ಕಾಯಿದೆ ವಧೂವರರಲ್ಲಿ ಯಾರೊಬ್ಬರ ಕಡೆಯ ರೂಢಿಯ ವಿಧಿಯಿಂದ ನಡೆದರೂ ಮದುವೆ ಸಿಂಧುವೆಂದಿತು. ಧಾರೆಯ ನೀರಿಗೆ ಹೀಗೆ ಕಾನೂನಿನ ಮನ್ನಣೆ ದೊರೆತದ್ದು ಸ್ವಾತಂತ್ರ್ಯ ಬಂದ ಮೇಲೆ.

ದೊರೆತದ್ದನ್ನು ಹೇಳಿದ ಮೇಲೆ ಕಳೆದುದನ್ನೂ ಹೇಳಬೇಕು. ಕೇರಳದ 1975ರ ಹಿಂದೂ ಅವಿಭಕ್ತ ಕುಟುಂಬ ರದ್ದತಿ ಕಾಯಿದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದು ಕಾಸರಗೋಡಿನ ಅಳಿಯಸಂತಾನದ ಕುಟುಂಬಗಳನ್ನೂ ವಿಸರ್ಜಿಸಿತು. ತಲಪಾಡಿಯಿಂದಾಚೆಗಿನ ಅದೇ ವಂಶದ ಕವಲಿಗೆ ಈ ಕಾಯಿದೆ ಅನ್ವಯಿಸಲಿಲ್ಲ. ಕೂಡುಕುಟುಂಬದ ಜಗಳ, ಯಜಮಾನನ ದಬ್ಬಾಳಿಕೆ ಬಲ್ಲವರು ಅದು ಹೋದುದಕ್ಕೆ ಮರುಗಲಾರರು, ನಾನೂ ಮರುಗುವುದಿಲ್ಲ. ಆದರೆ ಮದುವೆಯ ಮಾತುಕತೆಗೆ ಕುಳಿತ ಎಷ್ಟೋ ಜಗಲಿಗಳಲ್ಲಿ, ಒಂದು ಕಾಲಕ್ಕೆ ಹೆಣ್ಣಿನಿಂದಲೇ ಆಸ್ತಿ ಇಳಿಯುತ್ತಿದ್ದ ಮನೆತನಗಳಲ್ಲಿ, ಎಷ್ಟು ಪವನು ಚಿನ್ನವೆಂಬ ಲೆಕ್ಕ ಕೇಳಿಬರುವಾಗ ನನಗೆ ಇತಿಹಾಸ ತಲೆಕೆಳಗಾದಂತೆ ತೋರುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಸಭಾಭವನದ ಬಾಡಿಗೆ ಎಷ್ಟೆಂದು ಎಲ್ಲರೆದುರು ಗಟ್ಟಿಯಾಗಿ ಕೇಳುವವರು ಪವನಿನ ಮಾತಿಗೆ ಮಾತ್ರ ಒಳಕೋಣೆಗೆ ಹೋಗುತ್ತಾರೆ. ನಾಚಿಕೆಯಾದರೂ ಉಳಿದಿದೆಯಲ್ಲ ಎಂದುಕೊಳ್ಳುತ್ತೇನೆ.

ಬ್ರಾಹ್ಮಣ ಮನೆಗಳ ಮದುವೆಯನ್ನು ಬದಲಿಸಿದ್ದು ಬೇರೊಂದು ಕಾಯಿದೆ. ಹರಬಿಲಾಸ ಶಾರದಾ ಅವರ ಹೆಸರಿನ 1929ರ ಬಾಲ್ಯವಿವಾಹ ನಿರ್ಬಂಧ ಕಾಯಿದೆ ಹೆಣ್ಣಿಗೆ 14, ಗಂಡಿಗೆ 18 ವರ್ಷದ ಮಿತಿ ಹಾಕಿತು. ಅದು ಜಾರಿಗೆ ಬಂದ 1930ರ ಏಪ್ರಿಲ್ 1ಕ್ಕೆ ಮುನ್ನ ದೇಶದಲ್ಲೆಲ್ಲ ಮಕ್ಕಳ ಮದುವೆಗಳನ್ನು ತರಾತುರಿಯಿಂದ ಮಾಡಿ ಮುಗಿಸಿದ್ದು ಪ್ರಸಿದ್ಧ ಸಂಗತಿ. ಐದು ದಿನದ ಮದುವೆ ಬರಬರುತ್ತ ಒಂದು ದಿನಕ್ಕೆ ಇಳಿದು, ಕೊನೆಯ ದಿನದ ನಾಗವಲಿಯೂ ಅದೇ ಮಧ್ಯಾಹ್ನಕ್ಕೆ ಬಂದು ಕೂತಿತು. ಸಪ್ತಪದಿಯ ಬೆನ್ನಿಗೇ ಊಟದ ಪಂಕ್ತಿ. ಪುರೋಹಿತರ ಕಣ್ಣು ಗಡಿಯಾರದ ಮೇಲೆ. ಸಂಜೆ 5 ಗಂಟೆಗೆ ಸಭಾಭವನ ತೆರವು ಮಾಡಬೇಕೆಂದು ಅವರಿಗೆ ನೆನಪಿಸುವ ಪಾಪಿ ನಾನೇ.

ಇನ್ನು 1956ರ ವಿಚಾರ. ಆ ವರ್ಷದ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದು, ಕಯ್ಯಾರ ಕಿಞ್ಞಣ್ಣ ರೈಯವರಂಥ ಹಿರಿಯರು ಅದಕ್ಕಾಗಿ ಜೀವಮಾನವಿಡೀ ದುಡಿದದ್ದು ಈ ಸಂಚಿಕೆಯ ಓದುಗರಿಗೆ ಹೊಸತಲ್ಲ. ಮದುವೆಯ ದೃಷ್ಟಿಯಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ: ರಾಜ್ಯದ ಭೂಪಟ ಬದಲಾದರೂ ನೆಂಟಸ್ತನದ ಭೂಪಟ ಬದಲಾಗಲಿಲ್ಲ. ಹೆಣ್ಣು ಹುಡುಕುವವರು ಪುತ್ತೂರು, ಸುಳ್ಯ, ಬಂಟ್ವಾಳ, ಮಂಗಳೂರಿನ ಕಡೆಗೇ ಹೋಗುತ್ತಿದ್ದರು, ಈಗಲೂ ಹೋಗುತ್ತಾರೆ. ನನ್ನ ಕೈಯಲ್ಲಿ ಹಾದುಹೋಗುವ ಹೇಳಿಕೆ ಕಾಗದಗಳ ವಿಳಾಸಗಳನ್ನು ಒಂದು ನಕ್ಷೆಯ ಮೇಲೆ ಗುರುತಿಸಿದರೆ ಮೂಡುವುದು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯೇ.

ಹಾಗೆಂದು ಗಡಿಯ ಬಿಸಿ ಮದುವೆಗೆ ತಾಗಲಿಲ್ಲವೆಂದಲ್ಲ. ‘ಮಗಳನ್ನು ಕೇರಳಕ್ಕೆ ಕೊಟ್ಟರೆ ಮೊಮ್ಮಕ್ಕಳು ಯಾವ ಭಾಷೆಯಲ್ಲಿ ಕಲಿಯಬೇಕು?’ ಎಂಬ ಪ್ರಶ್ನೆ ಆಚೆಯವರದು. ಒಂದು ರಾಜ್ಯದ ಜಾತಿ ಪ್ರಮಾಣಪತ್ರ ಇನ್ನೊಂದು ರಾಜ್ಯದ ನೌಕರಿಗೆ ತಾನಾಗಿ ನಡೆಯುವುದಿಲ್ಲ. ಓದಿದ ಸೊಸೆಯ ಉದ್ಯೋಗದ ಆಸೆಗೆ ತಲಪಾಡಿ ದಾಟುವಾಗಲೇ ಪೆಟ್ಟು ಬೀಳುವುದುಂಟು. 2008ರ ನಿಯಮಗಳಿಂದ ಕೇರಳದಲ್ಲಿ ಎಲ್ಲ ಧರ್ಮದವರ ಮದುವೆಗೂ ನೋಂದಣಿ ಕಡ್ಡಾಯವಾಯಿತು. ಒಳ್ಳೆಯದೇ. 1896ರಲ್ಲಿ ಐಚ್ಛಿಕವಾಗಿ ಬಂದು ಸೋತ ಮೊಹರು 112 ವರ್ಷಗಳ ಬಳಿಕ ಗೆದ್ದಿತು. ಹೆಣ್ಣಿಗೆ ಕಷ್ಟಕಾಲದಲ್ಲಿ ಆಧಾರವಾಗುವ ಕಾಗದ ಅದು. ಆದ್ದರಿಂದ ಮದುವೆ ಒಪ್ಪಿಕೊಂಡ ದಿನವೇ ಎರಡೂ ಕಡೆಯವರಿಗೆ ಅದರ ಪಟ್ಟಿಯನ್ನು ಕೊಟ್ಟುಬಿಡುತ್ತೇನೆ. ಹೆಸರಿನ ಅಕ್ಷರಗಳನ್ನು ಮಾತ್ರ ಮೂರು ಭಾಷೆಯಲ್ಲೂ ಮೂರು ಸಲ ನೋಡಿಕೊಳ್ಳಿ ಎನ್ನುತ್ತೇನೆ.

ರಾಜ್ಯದ ಭೂಪಟ ಮತ್ತು ನೆಂಟಸ್ತನದ ಭೂಪಟ ಮೊದಲ ಬಾರಿಗೆ ಒಂದೇ ಆದದ್ದು 2020ರ ಮಾರ್ಚ್ ಕೊನೆಯಲ್ಲಿ. ಕೊರೋನಾ ಭಯದಿಂದ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಯಲ್ಲೇ ಉಳಿದರು. ವಿಷಯ ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ಸಂಕಟದ ಮುಂದೆ ಮದುವೆಯ ಸಂಕಟ ಸಣ್ಣದು. ಆದರೂ ಗಂಡು ಆಚೆ, ಹೆಣ್ಣು ಈಚೆ ಇದ್ದ ಮದುವೆಗಳು ಎಷ್ಟು! ಆ ಮೇ ತಿಂಗಳಲ್ಲಿ ಮದುವೆಗೆ 50 ಜನರ ಮಿತಿ ಬಂತು. ನನ್ನ ಪುಸ್ತಕದಲ್ಲಿದ್ದ ಮದುವೆಗಳೆಲ್ಲ ಮನೆಯಂಗಳಕ್ಕೆ ಹಿಂದಿರುಗಿದುವು. ಬಾಡಿಗೆಯ ಹುಡುಗರು ಬರುವಂತಿರಲಿಲ್ಲವಾದುದರಿಂದ ವರನ ಚಿಕ್ಕಪ್ಪನೇ ಬಡಿಸಿದ, ವಧುವಿನ ಅತ್ತೆಯೇ ಹೂ ಕಟ್ಟಿದಳು. ನನ್ನ ಆದಾಯಕ್ಕೆ ಅಷ್ಟು ಕೆಟ್ಟ ವರ್ಷ ಬೇರೆ ಇಲ್ಲ. ಪಾಸು ಸಿಕ್ಕಿ ಗಡಿ ದಾಟಿ ಬಂದ ಐದಾರು ಜನರ ಒಂದು ದಿಬ್ಬಣಕ್ಕೆ, ಹೆಣ್ಣಿನ ಅಜ್ಜ ಗೇಟಿನ ಹೊರಗೇ ನಿಂತು, ದೂರದಿಂದಲೇ, ಹಳೆಯ ಕ್ರಮದಲ್ಲಿ ಒಬ್ಬೊಬ್ಬರ ಹೆಸರು ಹಿಡಿದು ಸ್ವಾಗತಿಸಿದುದನ್ನು ಕಂಡಿದ್ದೇನೆ. ಐನೂರು ಜನರ ಮದುವೆಯಲ್ಲಿ ಹೆಸರು ಹಿಡಿದು ಕರೆಯುವುದನ್ನು ನಾನು ಕಂಡಿರಲಿಲ್ಲ.

ಮುಂದೆ ಮಿತಿ ಹೋಯಿತು, ಸಭಾಭವನಗಳು ತೆರೆದುವು. ಅಂಗಳಕ್ಕೆ ಯಾರೂ ಹಿಂದಿರುಗಲಿಲ್ಲ. ಅದನ್ನು ದೂರುವುದು ನನ್ನ ಬಾಯಿಗೆ ಒಪ್ಪದು. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವಾಗ ಮನೆಯಲ್ಲಿ ಉಳಿದ ಇಬ್ಬರು ಮುದುಕರು ಚಪ್ಪರ ಹಾಕಿಸುವುದೆಂತು? ಹಿಂದಿನ ಸುದರಿಕೆಯ ಬೆನ್ನೆಲುಬಾಗಿದ್ದ ಹೆಂಗಸರು ಮದುವೆಯ ಧಾರೆಯನ್ನೇ ನೋಡದೆ ಒಲೆಯ ಮುಂದೆ ಬೆವರುತ್ತಿದ್ದರೆಂಬುದನ್ನೂ ಮರೆಯಬಾರದು. ಇಂದು ಅವರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದಾರೆ.

ನನಗೆ ಕಳವಳವಾಗುವುದು ಬೇರೆ ಕಡೆ. ಕೆಳದಿಯ ಶಿವಪ್ಪನಾಯಕ ಕಟ್ಟಿಸಿದನೆನ್ನುವ ಬೇಕಲದ ಕೋಟೆ ಮದುವೆಗೆ ಮುಂಚಿನ ಚಿತ್ರೀಕರಣದ ಕ್ಷೇತ್ರವಾಗಿದೆ. 1995ರ ‘ಬಾಂಬೆ’ ಚಿತ್ರದ ಹಾಡು ಅಲ್ಲಿ ಚಿತ್ರಿತವಾದಂದಿನಿಂದ ಅದಕ್ಕೆ ಆ ಖ್ಯಾತಿ. ಅಲ್ಲಿ ನಿಂತ ಕನ್ನಡದ ಜೋಡಿಗಳಿಗೆ ಆ ಕೋಟೆ ಕನ್ನಡದ ಅರಸರದೆಂದು ಹೇಳುವವರಿಲ್ಲ. ವೇದಿಕೆಯ ನಿರೂಪಕ ಮಲಯಾಳ, ಇಂಗ್ಲಿಷ್ ಬೆರೆಸಿ ಮಾತಾಡುತ್ತಾನೆ. ಅವನನ್ನು ಕರೆಸಿದವನು ನಾನೇ, ಕನ್ನಡದ ನಿರೂಪಕರು ಬೇಕೆಂದು ಕೇಳುವ ಮನೆಗಳು ಕಡಿಮೆ. ಬದ್ಧ, ಹೇಳಿಕೆ, ಸುದರಿಕೆ, ಸಟ್ಟುಮುಡಿ, ಬುಡುಧಾರೆ ಎಂಬ ಮಾತುಗಳನ್ನು ಮಕ್ಕಳು ಶಾಲೆಯಲ್ಲಿ ಕಲಿಯುವವರಲ್ಲ. ಅಲ್ಲಿ ಕಲಿಯಲು ಈಗ ಕನ್ನಡವೇ ಕಷ್ಟದಲ್ಲಿದೆ. ಮದುವೆಮನೆಯಲ್ಲಿ ಕೆಲಸ ಮಾಡುತ್ತ ಮಾಡುತ್ತ ಕಿವಿಗೆ ಬಿದ್ದು ನಾಲಗೆಗೆ ಬರುವ ಪದಗಳವು. ಕೆಲಸ ನನ್ನ ಹುಡುಗರ ಕೈಗೆ ಬಂದಾಗ ಪದಗಳು ಅವರ ಜತೆ ಬರಲಿಲ್ಲ. ಅವರಲ್ಲಿ ಹೆಚ್ಚಿನವರು ಬೇರೆ ರಾಜ್ಯಗಳಿಂದ ಬಂದವರು, ಒಳ್ಳೆಯ ಕೆಲಸಗಾರರು. ಸುದರಿಕೆ ಎಂದರೆ ಅವರಿಗೇನು ಗೊತ್ತು?

ಧಾರೆಯ ಹೊತ್ತಿಗೂ ಒಂದು ಹೊಸ ತೊಡಕು ಸೇರಿಕೊಂಡಿದೆ. ಒಮ್ಮೆ ಬದಿಯಡ್ಕದ ಕಡೆಯ ಒಂದು ಮದುವೆಯಲ್ಲಿ, ಛಾಯಾಗ್ರಾಹಕರಿಗೆ ಅಡ್ಡವಾಗಿ ಯಾರೋ ನಿಂತುದರಿಂದ ಧಾರೆ ಎರೆದ ಚಿತ್ರ ಸಿಗಲಿಲ್ಲ. ‘ಇನ್ನೊಮ್ಮೆ ಎರೆಯಿರಿ’ ಎಂದು ಅವರು ಕೇಳಿದರು. ಗಿಂಡಿ ಹಿಡಿದಿದ್ದ ಸೋದರಮಾವ ನನ್ನ ಮುಖ ನೋಡಿದರು. ವ್ಯವಸ್ಥೆಯವನೆಂದು ನನ್ನ ಒಪ್ಪಿಗೆಯನ್ನು ಕೇಳಿದಂತಿತ್ತು. ಆಗದು ಎಂದು ನಾನು ತಲೆಯಾಡಿಸಿದೆ. ಅವರು ಗಿಂಡಿಯನ್ನು ಕೆಳಗಿಟ್ಟರು. ಚಿತ್ರದ ವಿಷಯದಲ್ಲಿ ಆ ಮನೆಯವರು ಆಮೇಲೆ ನನ್ನ ಬಿಲ್ಲಿನಲ್ಲಿ ಸ್ವಲ್ಪ ಕಡಿಮೆ ಮಾಡಿದರೆಂಬುದನ್ನೂ ಇಲ್ಲಿ ದಾಖಲಿಸಬೇಕು.

ಅಂದಿನಿಂದ ಒಪ್ಪಂದ ಮಾಡಿಕೊಳ್ಳುವಾಗ ಎರಡು ಕೆಲಸಗಳನ್ನು ನಾನು ಪಟ್ಟಿಯಿಂದ ತೆಗೆದುಬಿಡುತ್ತೇನೆ. ಹೇಳಿಕೆ ಮನೆಯವರೇ ಮಾಡಬೇಕು. ಊಟದ ಒಂದು ಪಂಕ್ತಿಯನ್ನಾದರೂ ಮನೆಯವರೇ ಬಡಿಸಬೇಕು. ಕೆಲವರು ನಕ್ಕು, ಇದಕ್ಕೂ ನೀವೇ ಜನ ಕೊಡಿ ಎನ್ನುತ್ತಾರೆ. ಕಳೆದ ಬೇಸಗೆಯಲ್ಲಿ ನೀರ್ಚಾಲಿನ ಬಳಿಯ ಒಂದು ಮದುವೆಯಲ್ಲಿ ಬೆಂಗಳೂರಿನಿಂದ ಬಂದ ಹತ್ತು-ಹನ್ನೆರಡು ಹುಡುಗ ಹುಡುಗಿಯರು ಮುಂಡು, ಸೀರೆ ಎತ್ತಿ ಕಟ್ಟಿ ಕೊನೆಯ ಪಂಕ್ತಿಗೆ ಬಡಿಸಲಿಳಿದರು. ಮೇಲಾರದ ಪಾತ್ರೆ ಹಿಡಿದವನು ಪಾಯಸದ ಹಿಂದೆ ಬಂದ, ಉಪ್ಪು ಎಲೆಯ ಯಾವ ತುದಿಗೆಂದು ಯಾರಿಗೂ ತಿಳಿಯಲಿಲ್ಲ. ಪಂಕ್ತಿಯ ತುದಿಯಲ್ಲಿ ಕುಳಿತಿದ್ದ ಅಡುಗೆಯ ಭಟ್ಟರು ಅಲ್ಲಿಂದಲೇ ಕೂಗಿ ಹೇಳತೊಡಗಿದರು, ಒಂದೊಂದರ ಹೆಸರನ್ನೂ, ಬಡಿಸುವ ಜಾಗವನ್ನೂ. ಆ ಪಂಕ್ತಿ ಏಳುವಾಗ ಗಂಟೆ ನಾಲ್ಕು ದಾಟಿತ್ತು. ಸಭಾಭವನದವರಿಗೆ ಒಂದು ಗಂಟೆಯ ಹೆಚ್ಚುವರಿ ಬಾಡಿಗೆ ಕೊಟ್ಟೆವು.